ರಾತ್ರಿ ಮಾತ್ರೆ

ಅರವತ್ತು ದಾಟಿದವರು ನಾಲ್ಕು ಜನ ಸೇರಿದರೆ ಮಾತು ಮಳೆ, ಮದುವೆ, ಮೊಮ್ಮಕ್ಕಳನ್ನೆಲ್ಲ ಸುತ್ತಿ ಕೊನೆಗೆ ಮಾತ್ರೆಗೆ ಬಂದು ನಿಲ್ಲುತ್ತದೆ. ಬಿಪಿದು ಬೆಳಿಗ್ಗೆ, ಶುಗರ್‌ದು ಊಟಕ್ಕೆ ಮುಂಚೆ, ಕೊಲೆಸ್ಟರಾಲ್‌ದು ರಾತ್ರಿ. ಅಷ್ಟರಲ್ಲಿ ಒಬ್ಬರು, ‘ತುಪ್ಪ ಬಿಟ್ಟೆ, ಕರಿದದ್ದು ಬಿಟ್ಟೆ, ಆದರೂ ಇಳೀಲಿಲ್ಲ ಕಣ್ರೀ’ ಎನ್ನುತ್ತಾರೆ. ಆ ದೂರಿನಲ್ಲಿ ನಿಜವಿದೆ. ಮೈಯಲ್ಲಿರುವ ಕೊಲೆಸ್ಟರಾಲ್‌ನ ಹೆಚ್ಚಿನ ಪಾಲು ತಟ್ಟೆಯಿಂದ ಬಂದದ್ದಲ್ಲ, ನಮ್ಮ ಜೀವಕೋಶಗಳೇ ತಯಾರಿಸಿಕೊಂಡದ್ದು. ಆ ತಯಾರಿ ರಾತ್ರಿ ಹೊತ್ತು ಜೋರು. ಅದನ್ನು ತಡೆಯುವ ಸಿಮ್ವಾಸ್ಟಾಟಿನ್‌ನಂಥ ಮಾತ್ರೆಯ ಪ್ರಭಾವ ಬೇಗ ಇಳಿದುಹೋಗುವುದರಿಂದ ಅದನ್ನು ರಾತ್ರಿಯೇ ನುಂಗಲು ಹೇಳುತ್ತಾರೆ. ಅಟೋರ್ವಾಸ್ಟಾಟಿನ್ ಬಹಳ ಹೊತ್ತು ಉಳಿಯುತ್ತದೆ, ಹಗಲಲ್ಲಿ ತೆಗೆದುಕೊಂಡರೂ ನಡೆಯುತ್ತದೆ.

ಈ ಮಾತ್ರೆಗಳ ವಂಶದ ಮೂಲಪುರುಷ ಒಂದು ಬೂಷ್ಟು. ಅದನ್ನು ಹಿಡಿದವರು ಜಪಾನ್‌ನ ಅಕಿರಾ ಎಂಡೊ. ಅಕಿತಾ ಪ್ರಾಂತ್ಯದ ರೈತರ ಮನೆಯಲ್ಲಿ 1933ರಲ್ಲಿ ಹುಟ್ಟಿದವರು. ಅಣಬೆ, ಬೂಷ್ಟುಗಳ ಗೀಳು ಚಿಕ್ಕಂದಿನಿಂದಲೇ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ ಅವರ ಆದರ್ಶ. 1971ರಲ್ಲಿ ಟೋಕಿಯೊದ ಸಾಂಕ್ಯೊ ಕಂಪನಿಯಲ್ಲಿ ಅವರು ಹಿಡಿದ ಜಾಡು ಇದು: ಎಷ್ಟೋ ಸೂಕ್ಷ್ಮಜೀವಿಗಳಿಗೆ ಬದುಕಲು ಕೊಲೆಸ್ಟರಾಲ್‌ನ ಜಾತಿಯ ವಸ್ತು ಬೇಕು. ಅದರ ತಯಾರಿಯನ್ನೇ ತಡೆಯುವ ವಿಷವನ್ನು ಯಾವುದಾದರೂ ಬೂಷ್ಟು ತನ್ನ ಎದುರಾಳಿಗಳಿಗಾಗಿ ಇಟ್ಟುಕೊಂಡಿರಬಾರದೇಕೆ? ಸುಮಾರು ಆರು ಸಾವಿರ ಬಗೆಯನ್ನು ಒಂದೊಂದಾಗಿ ಬೆಳೆಸಿ ಸೋಸಿ ನೋಡಿದರು. ಕಡೆಗೆ ಕ್ಯೋಟೋದ ಅಕ್ಕಿಯಲ್ಲಿ ಸಿಕ್ಕ ನೀಲಿ-ಹಸಿರು ಬೂಷ್ಟೊಂದು ಕೈಹಿಡಿಯಿತು. ಅದರಿಂದ ತೆಗೆದ ವಸ್ತುವೇ ಕಾಂಪ್ಯಾಕ್ಟಿನ್.

ಕೊಲೆಸ್ಟರಾಲ್ ತಯಾರಿಯ ವೇಗವನ್ನು ನಿರ್ಧರಿಸುವ ಕಿಣ್ವ ಎಚ್‌ಎಂಜಿ-ಕೋಎ ರಿಡಕ್ಟೇಸ್. ಕಾಂಪ್ಯಾಕ್ಟಿನ್‌ನ ಒಂದು ತುದಿ ಆ ಕಿಣ್ವದ ಕಚ್ಚಾವಸ್ತುವನ್ನೇ ಹೋಲುತ್ತದೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ ಅದು ಮೊದಲೇ ಹೋಗಿ ಜಾಗ ಹಿಡಿದುಬಿಡುತ್ತದೆ, ಕಚ್ಚಾವಸ್ತುವಿಗಿಂತ ಸಾವಿರಾರು ಪಟ್ಟು ಬಿಗಿಯಾಗಿ.

ಇಷ್ಟಾದ ಮೇಲೆ ಇಲಿಗೆ ಕೊಟ್ಟರು. ಏನೂ ಇಳಿಯಲಿಲ್ಲ! ಇನ್ನೊಬ್ಬರಾಗಿದ್ದರೆ ಕಡತ ಮುಚ್ಚುತ್ತಿದ್ದರು. ಎಂಡೊ ಕೋಳಿಯ ಕಡೆ ತಿರುಗಿದರು. ಮೊಟ್ಟೆಯಲ್ಲಿ ಅಷ್ಟೊಂದು ಕೊಲೆಸ್ಟರಾಲ್ ಇದ್ದರೆ ಮೊಟ್ಟೆಯಿಡುವ ಕೋಳಿಯ ಮೈಯಲ್ಲಿ ಅದರ ತಯಾರಿಯೂ ಭರ್ಜರಿಯಾಗಿಯೇ ಇರಬೇಕಲ್ಲ? 1976ರಲ್ಲಿ ಕೋಳಿಯ ರಕ್ತದಲ್ಲಿ ಅದು ಅರ್ಧದಷ್ಟು ಇಳಿಯಿತು. ಈ ಕೋಳಿಯ ಯೋಚನೆ ನನಗೆ ಇಡೀ ಕಥೆಯಲ್ಲೇ ಅಚ್ಚುಮೆಚ್ಚು. ಹಳ್ಳಿಯಲ್ಲಿ ಬೆಳೆದ ಕಣ್ಣಿಗೆ ಮಾತ್ರ ಹೊಳೆಯುವಂಥದ್ದು ಅನ್ನಿಸುತ್ತದೆ.

ಇಲಿಯಲ್ಲಿ ಯಾಕೆ ಸೋತಿತು? ಕಿಣ್ವಕ್ಕೆ ತಡೆ ಬಿದ್ದರೆ ಜೀವಕೋಶ ಕೈಕಟ್ಟಿ ಕೂರುವುದಿಲ್ಲ. ಇಲಿಯ ಲಿವರ್ ಹೊಸ ಕಿಣ್ವವನ್ನು ರಾಶಿಗಟ್ಟಲೆ ತಯಾರಿಸಿ ಮದ್ದನ್ನೇ ಮೀರಿಸಿಬಿಡುತ್ತದೆ. ಅಮೆರಿಕದಲ್ಲಿ ಹ್ಯಾಮ್‌ಸ್ಟರ್‌ನ ಜೀವಕೋಶಗಳನ್ನು ಕಾಂಪ್ಯಾಕ್ಟಿನ್ ಬೆರೆಸಿದ ದ್ರವದಲ್ಲೇ ಬೆಳೆಸಿ, ಬದುಕುಳಿದವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅವುಗಳಲ್ಲಿ ಕಿಣ್ವ ನೂರಾರು ಪಟ್ಟು ಹೆಚ್ಚಿತ್ತು. ಅದನ್ನು ಇಡಲು ಜಾಗ ಸಾಲದೆ, ಸ್ಫಟಿಕದಂಥ ಅಚ್ಚುಕಟ್ಟಿನಲ್ಲಿ ಒತ್ತೊತ್ತಾದ ಪೊರೆಯ ಕೊಳವೆಗಳನ್ನೇ ಜೀವಕೋಶ ಕಟ್ಟಿಕೊಂಡಿತ್ತು. ಬರಿಗಣ್ಣಿಗೆ ಕಾಣದ ಒಂದು ಕೋಶಕ್ಕೆ ಇಷ್ಟು ಹಟ!

ಆ ಹಟದಿಂದಲೇ ನಮಗೆ ಲಾಭ. ಒಳಗೆ ಕೊಲೆಸ್ಟರಾಲ್ ಕಡಿಮೆಯಾಯಿತೆಂದು ಗೊತ್ತಾದಾಗ ನಮ್ಮ ಲಿವರ್‌ನ ಕೋಶ ಕಿಣ್ವವನ್ನಷ್ಟೇ ಹೆಚ್ಚಿಸುವುದಿಲ್ಲ, ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತು ಹರಿಯುವ ಎಲ್‌ಡಿಎಲ್ ಕಣಗಳನ್ನು ಹಿಡಿದೆಳೆಯುವ ಗ್ರಾಹಕಗಳನ್ನೂ ತನ್ನ ಹೊರಮೈಯಲ್ಲಿ ಹೆಚ್ಚಿಸುತ್ತದೆ. ರಕ್ತದಲ್ಲಿ ಕೊಲೆಸ್ಟರಾಲ್ ಇಳಿಯುವುದು ಮುಖ್ಯವಾಗಿ ಇದರಿಂದ. ಮಾತ್ರೆ ಕೊಡುವುದು ಕೊರತೆಯ ಸುಳಿವು. ಮಿಕ್ಕ ಕೆಲಸ ಜೀವಕೋಶದ್ದು. ‘ರಿಪೋರ್ಟ್ ನಾರ್ಮಲ್ ಬಂತು’ ಎಂದು ತಾವಾಗಿಯೇ ಮಾತ್ರೆ ನಿಲ್ಲಿಸುವವರನ್ನು ಕಂಡರೆ ನನಗೆ ಕಳವಳ. ಸುಳಿವು ನಿಂತರೆ ಗ್ರಾಹಕಗಳೂ ಇಳಿಯುತ್ತವೆ, ಕೆಲವೇ ವಾರಗಳಲ್ಲಿ ಅಂಕಿ ಹಳೆಯ ಜಾಗಕ್ಕೆ ಬರುತ್ತದೆ.

ಆ ಗ್ರಾಹಕಗಳನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಎಂಡೊಗೆ 2008ರಲ್ಲಿ ಲಾಸ್ಕರ್ ಪ್ರಶಸ್ತಿ ಸಿಕ್ಕಿತು. ನೊಬೆಲ್ ಕಡೆಗೂ ಬರಲಿಲ್ಲ, 2024ರಲ್ಲಿ ತೀರಿಕೊಂಡರು. ನೊಬೆಲ್ ಬಾರದ್ದು ಅನ್ಯಾಯವೆಂದೇ ನನ್ನ ಎಣಿಕೆ. ಅವರು ಹಿಡಿದ ಮದ್ದಿಗೂ ಅದೃಷ್ಟವಿರಲಿಲ್ಲ. ನಾಯಿಗಳ ಮೇಲಿನ ಪರೀಕ್ಷೆಯಲ್ಲಿ ಅಪಾಯ ಕಂಡಿತೆಂದು 1980ರಲ್ಲಿ ಸಾಂಕ್ಯೊ ಕಾಂಪ್ಯಾಕ್ಟಿನ್‌ ಕೆಲಸ ಕೈಬಿಟ್ಟಿತು. ಅಮೆರಿಕದ ಮರ್ಕ್ ಕಂಪನಿ ಬೇರೊಂದು ಬೂಷ್ಟಿನಿಂದ ತೆಗೆದ ಲೋವಾಸ್ಟಾಟಿನ್‌ಗೆ 1987ರಲ್ಲಿ ಅಲ್ಲಿ ಒಪ್ಪಿಗೆ ದೊರೆಯಿತು. ಕಾಂಪ್ಯಾಕ್ಟಿನ್ ಸ್ವತಃ ಎಂದೂ ಔಷಧಿ ಅಂಗಡಿಗೆ ಬರಲಿಲ್ಲ. ಅದನ್ನೇ ಕೊಂಚ ಮಾರ್ಪಡಿಸಿದ ಪ್ರವಾಸ್ಟಾಟಿನ್ ಎರಡು ವರ್ಷದ ನಂತರ ಜಪಾನ್‌ನಲ್ಲಿ ಮಾರಾಟಕ್ಕೆ ಬಂತು.