ಜಾಗಟೆಯ ಹೆಸರು ಹೊತ್ತ ತಿಂಡಿ

ಟೋಕಿಯೋ ನಗರವನ್ನು ನೋಡಬಂದ ಪ್ರವಾಸಿಗನಿಗೆ ಉಯೆನೋ ಬಡಾವಣೆಯೊಂದಕ್ಕೇ ಇಡೀ ದಿನವೂ ಸಾಲದು. ವಿಶಾಲವಾದ ಉದ್ಯಾನ, ಅದರೊಳಗೆ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಬೇಸಗೆಯಲ್ಲಿ ತಾವರೆಗಳಿಂದ ತುಂಬುವ ಶಿನೊಬಜು ಕೊಳ, 1882ರಲ್ಲಿ ತೆರೆದ ಮೃಗಾಲಯ - ಒಂದನ್ನು ಕಂಡರೆ ಇನ್ನೊಂದು ಕರೆಯುತ್ತದೆ. ಈ ಮೃಗಾಲಯದೊಡನೆ ನಮ್ಮ ನಾಡಿಗೂ ಒಂದು ನಂಟುಂಟು. ಯುದ್ಧಕಾಲದಲ್ಲಿ, 1943ರಲ್ಲಿ, ಅಲ್ಲಿನ ಆನೆಗಳನ್ನು ಉಪವಾಸ ಕೆಡವಿ ಕೊಲ್ಲಲಾಗಿತ್ತು. ಯುದ್ಧ ಮುಗಿದ ಮೇಲೆ ಟೋಕಿಯೋದ ಮಕ್ಕಳು ತಮಗೊಂದು ಆನೆ ಬೇಕೆಂದು ಕೇಳಿಕೊಂಡರು. ಪಂಡಿತ ನೆಹರೂ ಅವರು ತಮ್ಮ ಮಗಳ ಹೆಸರನ್ನೇ ಇಟ್ಟು 1949ರಲ್ಲಿ ಕಳುಹಿಸಿಕೊಟ್ಟ ‘ಇಂದಿರಾ’ ಮೈಸೂರು ಸೀಮೆಯ ಆನೆ. 1983ರಲ್ಲಿ ಸಾಯುವವರೆಗೂ ಅದು ಜಪಾನೀ ಮಕ್ಕಳ ಪ್ರೀತಿಗೆ ಪಾತ್ರವಾಗಿತ್ತು.

ಆದರೆ ಈ ಲೇಖನದ ವಿಷಯ ಆನೆಯಲ್ಲ. ಆನೆಯನ್ನು ನೋಡಿ ದಣಿದ ಮಕ್ಕಳ ಕೈಗೆ ತಾಯಂದಿರು ಕೊಡುವ ಒಂದು ತಿಂಡಿ. ಅದರ ಹೆಸರು ದೊರಯಾಕಿ. ಉಯೆನೋದಲ್ಲಿಯೇ 1913ರಲ್ಲಿ ಆರಂಭವಾದ ‘ಉಸಾಗಿಯಾ’ ಎಂಬ ಅಂಗಡಿ ಈ ತಿಂಡಿಗೆ ಹೆಸರಾದದ್ದು. ಉಸಾಗಿ ಎಂದರೆ ಮೊಲ. ಅಂಗಡಿಯ ಮೂಲಪುರುಷನು ಮೊಲದ ವರ್ಷದಲ್ಲಿ ಹುಟ್ಟಿದವನಾದ್ದರಿಂದ ಆ ಹೆಸರು ಬಂದಿತಂತೆ. ಅಂಗೈಯಗಲದ, ಜೇನುಬಣ್ಣದ ಎರಡು ಮೆತ್ತನೆಯ ಬಿಲ್ಲೆಗಳು. ಅವೆರಡರ ನಡುವೆ ಕೆಂಗಪ್ಪು ಬಣ್ಣದ ಸಿಹಿ ಹೂರಣ - ದೊರಯಾಕಿಯ ಸ್ವರೂಪ ಇಷ್ಟೇ. ಇದನ್ನು ಕಂಡ ಕನ್ನಡಿಗನಿಗೆ ಹೋಳಿಗೆಯ ನೆನಪಾಗದೆ ಇರದು. ನಮ್ಮಲ್ಲಿ ಕಣಕವು ಹೂರಣವನ್ನು ಪೂರ್ತಿಯಾಗಿ ಮುಚ್ಚಿಕೊಳ್ಳುತ್ತದೆ. ಅಲ್ಲಿ ಎರಡು ಬಿಲ್ಲೆಗಳು ಅದನ್ನು ಮೇಲೆ ಕೆಳಗೆ ಅಪ್ಪಿಕೊಳ್ಳುತ್ತವೆ.

‘ದೊರ’ ಎಂದರೆ ಜಾಗಟೆ, ‘ಯಾಕಿ’ ಎಂದರೆ ಸುಟ್ಟದ್ದು ಅಥವಾ ಕಾವಲಿಯ ಮೇಲೆ ಬೇಯಿಸಿದ್ದು. ಈ ಹೆಸರಿಗೆ ಒಂದು ದಂತಕಥೆಯಿದೆ. ಹನ್ನೆರಡನೆಯ ಶತಮಾನದ ವೀರ ಯೋಷಿತ್ಸುನೆಯ ಅನುಚರನಾದ ಬೆಂಕೇ ಎಂಬ ಮಹಾಬಲನು ಗಾಯಗೊಂಡು ಒಬ್ಬ ರೈತನ ಮನೆಯಲ್ಲಿ ಆಶ್ರಯ ಪಡೆದನಂತೆ. ಹೊರಡುವಾಗ ಆತನ ಜಾಗಟೆ ಅಲ್ಲಿಯೇ ಉಳಿಯಿತು. ರೈತನು ಅದನ್ನೇ ಕಾವಲಿಯಾಗಿ ಒಲೆಯ ಮೇಲಿಟ್ಟು ಹಿಟ್ಟು ಹೊಯ್ದು ಬೇಯಿಸಿದಾಗ ಹುಟ್ಟಿದ್ದು ಈ ತಿಂಡಿ ಎಂದು ಜನ ಹೇಳುತ್ತಾರೆ. ಕಥೆ ನಿಜವಿರಲಿ, ಬಿಡಲಿ, ತಿಂಡಿಯ ದುಂಡಗಿನ ಆಕಾರಕ್ಕಂತೂ ಹೆಸರು ಒಪ್ಪುತ್ತದೆ.

ನಾರಾ, ಓಸಾಕಾಗಳ ಕಡೆ ಇದೇ ತಿಂಡಿಗೆ ‘ಮಿಕಾಸಾ’ ಎಂದು ಹೆಸರು. ನಾರಾ ಪಟ್ಟಣದ ಮೂಡಲಿಗೆ ಮೃದುವಾಗಿ ಉಬ್ಬಿದ ಮಿಕಾಸಾ ಬೆಟ್ಟದ ಹೋಲಿಕೆಯಿಂದ ಬಂದದ್ದು. 717ರಲ್ಲಿ ವಿದ್ಯಾರ್ಜನೆಗೆಂದು ಚೀನಕ್ಕೆ ಹೋದ ಅಬೆ ನೋ ನಕಮಾರೋ ಎಂಬ ಕವಿಯು ಆ ಬೆಟ್ಟದ ಮೇಲೆ ಏಳುತ್ತಿದ್ದ ಚಂದ್ರನನ್ನು ನೆನೆದು ರಚಿಸಿದ ಪದ್ಯವನ್ನು ಜಪಾನೀಯರು ಇಂದಿಗೂ ಬಾಯಿಪಾಠ ಮಾಡುತ್ತಾರೆ. ತಾಯ್ನಾಡಿಗೆ ಮರಳಲು ಹೊರಟ ಆತನ ಹಡಗು ಬಿರುಗಾಳಿಗೆ ಸಿಕ್ಕಿತು; ಕವಿಯು ಪರದೇಶದಲ್ಲಿಯೇ ತೀರಿಕೊಂಡನು.

ಬಿಲ್ಲೆಗಳ ಹಿಟ್ಟಿಗೆ ಪರದೇಶದ ಋಣವಿದೆ. ಮೊಟ್ಟೆ, ಸಕ್ಕರೆ, ಗೋದಿಹಿಟ್ಟುಗಳನ್ನು ಕಲಸಿ ಬೇಯಿಸುವ ವಿದ್ಯೆ ಹದಿನಾರನೆಯ ಶತಮಾನದಲ್ಲಿ ನಾಗಸಾಕಿಯ ಮೂಲಕ ಪೋರ್ಚುಗೀಸರಿಂದ ಬಂದದ್ದು. ಹೂರಣ ಮಾತ್ರ ಅಪ್ಪಟ ದೇಶೀಯ. ‘ಅಜುಕಿ’ ಎಂಬ ಸಣ್ಣ ಕೆಂಪು ಕಾಳಿನಿಂದ ಅದನ್ನು ಮಾಡುತ್ತಾರೆ. ಉತ್ತರದ ಹೊಕ್ಕೈಡೋ ದ್ವೀಪ ಈ ಕಾಳಿನ ಕಣಜ. ನಮ್ಮ ಹೆಸರು, ಉದ್ದು, ಅಲಸಂದೆಗಳಿಗೆ ಅಜುಕಿಯು ದಾಯಾದಿ. ಎಲ್ಲವೂ ಒಂದೇ ಕುಲದ ಸಸ್ಯಗಳು. ಆದುದರಿಂದ ಅಜುಕಿ ದೊರೆಯದ ಊರುಗಳಲ್ಲಿ ಕೆಂಪು ಅಲಸಂದೆಯಿಂದ ನಮ್ಮ ಗೃಹಿಣಿಯರು ಈ ಹೂರಣವನ್ನು ಸಿದ್ಧಪಡಿಸಬಹುದು.

ಆರು ದೊರಯಾಕಿಗಳಿಗೆ 100 ಗ್ರಾಂ ಕಾಳು ಸಾಕು. ಅಲಸಂದೆಯಾದರೆ ಹಿಂದಿನ ರಾತ್ರಿ ನೆನೆಹಾಕಬೇಕು. ಅಜುಕಿಗೆ ನೆನೆಯುವ ಅಗತ್ಯವಿಲ್ಲ. ಒಂದು ಕುದಿ ಬಂದೊಡನೆ ಆ ನೀರನ್ನು ಚೆಲ್ಲಿಬಿಡಬೇಕು. ಸಿಪ್ಪೆಯ ಒಗರು ಅದರೊಡನೆ ಹೋಗುತ್ತದೆ. ಹೊಸ ನೀರು ಹೊಯ್ದು, ಕಾಳು ಸದಾ ಮುಳುಗಿರುವಂತೆ ನೋಡಿಕೊಂಡು, ಸಣ್ಣ ಉರಿಯಲ್ಲಿ ಬೇಯಿಸಬೇಕು. ಎರಡು ಬೆರಳುಗಳ ನಡುವೆ ಹಿಸುಕಿದರೆ ಬೆಣ್ಣೆಯಂತೆ ನುಣ್ಣಗಾಗುವವರೆಗೆ ಸಕ್ಕರೆಯ ಗೊಡವೆಗೆ ಹೋಗಬಾರದು. ಬೇಯದ ಕಾಳಿಗೆ ಸಕ್ಕರೆ ಬಿದ್ದರೆ ಅದು ಮತ್ತೆ ಮೆದುವಾಗಲು ಒಪ್ಪದು. ಬೇಳೆ ಬೆಂದ ಮೇಲೆಯೇ ಬೆಲ್ಲ ಹಾಕುವ ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನೀರು ಬಸಿದು, 90 ಗ್ರಾಂ ಸಕ್ಕರೆಯನ್ನು ಎರಡು ಮೂರು ಸಲ ಬೆರೆಸಿ, ಒಂದು ಚಿಟಿಕೆ ಉಪ್ಪು ಹಾಕಿ, ಸೌಟು ಎಳೆದಾಗ ಪಾತ್ರೆಯ ತಳ ಕ್ಷಣಕಾಲ ಕಾಣುವಷ್ಟು ಗಟ್ಟಿಯಾಗಿಸಿ ಆರಿಸಬೇಕು. ಇದನ್ನು ಅರೆಯಬಾರದು, ಅರ್ಧಂಬರ್ಧ ಇಡಿಯಾಗಿ ಉಳಿದ ಕಾಳುಗಳೇ ದೊರಯಾಕಿಗೆ ಶೋಭೆ.

ಬಿಲ್ಲೆಗಳಿಗೆ ಜಪಾನೀ ಬಾಣಸಿಗರ ಹಳೆಯ ಸೂತ್ರವೆಂದರೆ ಮೊಟ್ಟೆ, ಸಕ್ಕರೆ, ಹಿಟ್ಟು - ಮೂರೂ ಸಮತೂಕ. ಎರಡು ಮೊಟ್ಟೆಗಳಿಗೆ ಸುಮಾರು 100 ಗ್ರಾಂ ಸಕ್ಕರೆ, ಅಷ್ಟೇ ಮೈದಾಹಿಟ್ಟು. ಮೊಟ್ಟೆ ಸಕ್ಕರೆಗಳನ್ನು ಚೆನ್ನಾಗಿ ಕಡೆದು, ಒಂದು ದೊಡ್ಡ ಚಮಚ ಜೇನುತುಪ್ಪ, ಒಂದಿಷ್ಟು ನೀರಿನಲ್ಲಿ ಕದಡಿದ ಕಾಲು ಚಮಚ ಅಡಿಗೆ ಸೋಡ ಸೇರಿಸಿ, ಜರಡಿ ಹಿಡಿದ ಹಿಟ್ಟನ್ನು ಹಗುರವಾಗಿ ಕಲಸಿ ಅರ್ಧ ಗಂಟೆ ಬಿಡಬೇಕು. ಅನಂತರ ಇಡ್ಲಿಹಿಟ್ಟಿಗಿಂತ ತೆಳ್ಳಗೆ, ದೋಸೆಹಿಟ್ಟಿಗಿಂತ ತುಸು ಮಂದವಾಗುವಂತೆ ನೀರು ಬೆರೆಸಬೇಕು.

ಕಾವಲಿಗೆ ಎಣ್ಣೆ ಸವರಿ ಬಟ್ಟೆಯಿಂದ ಪೂರ್ತಿ ಒರೆಸಿಬಿಡುವುದು ಇಲ್ಲಿನ ಮರ್ಮ. ಜಿಡ್ಡು ಉಳಿದರೆ ಬಿಲ್ಲೆಯ ಮುಖ ಮಚ್ಚೆಮಚ್ಚೆಯಾಗುತ್ತದೆ. ಒರೆಸಿದರೆ ರೇಷ್ಮೆಯಂತೆ ಒಂದೇ ಬಣ್ಣ ಬರುತ್ತದೆ. ಸಣ್ಣ ಉರಿಯ ಮೇಲೆ ಹಿಟ್ಟನ್ನು ಒಂದೇ ಕಡೆ ಹೊಯ್ಯಬೇಕು. ದೋಸೆ ಹೊಯ್ದು ರೂಢಿಯಾದ ಕೈ ತಾನಾಗಿ ಸೌಟು ತಿರುಗಿಸಲು ಹೋಗುತ್ತದೆ. ಅದನ್ನು ತಡೆಯಬೇಕು, ಹಿಟ್ಟು ತಾನೇ ದುಂಡಗೆ ಹರಡಿಕೊಳ್ಳುತ್ತದೆ. ಮೇಲೆ ಗುಳ್ಳೆಗಳು ಎದ್ದೊಡನೆ ಮಗುಚಿ, ಇನ್ನೊಂದು ಮಗ್ಗುಲನ್ನು ಅರೆನಿಮಿಷವಷ್ಟೇ ಕಾಯಿಸಿ ತೆಗೆದು, ಒದ್ದೆಬಟ್ಟೆ ಹೊದಿಸಿಡಬೇಕು. ಬೆಚ್ಚಗಿರುವಾಗಲೇ ಹೂರಣವಿಟ್ಟು ಜೋಡಿಸಿ, ಅಂಚುಗಳನ್ನು ಮೆಲ್ಲನೆ ಒತ್ತಿದರೆ ಕೆಲಸ ಮುಗಿಯಿತು. ಜೊತೆಗೆ ಸಕ್ಕರೆಯಿಲ್ಲದ ಹಸುರು ಚಹ ಇದ್ದರೆ ಉತ್ತಮ. 1969ರ ಕೊನೆಯಲ್ಲಿ ಚಿತ್ರಕಥೆಯಾಗಿ ಹುಟ್ಟಿ, ದೂರದರ್ಶನದ ಮೂಲಕ ನಮ್ಮ ಮಕ್ಕಳಿಗೂ ಪ್ರಿಯವಾದ ಡೋರೇಮಾನ್ ಎಂಬ ಯಂತ್ರದ ಬೆಕ್ಕು ಪ್ರಾಣ ಬಿಡುವುದು ಈ ತಿಂಡಿಗೇ ಎಂದು ತಿಳಿಸಿದರೆ ತಟ್ಟೆ ಬೇಗನೆ ಬರಿದಾಗುವುದರಲ್ಲಿ ಸಂದೇಹವಿಲ್ಲ.

ಹಿರಿಯರಿಗೆ ಹೇಳಬೇಕಾದ ಕಥೆ ಬೇರೊಂದಿದೆ. ದುರಿಯನ್ ಸುಕೆಗಾವಾ ಎಂಬ ಲೇಖಕರ ‘ಆನ್’ ಕಾದಂಬರಿಯನ್ನು ನವೋಮಿ ಕವಾಸೆ ಎಂಬ ನಿರ್ದೇಶಕಿ 2015ರಲ್ಲಿ ಚಲನಚಿತ್ರವಾಗಿಸಿದರು. ‘ಆನ್’ ಎಂದರೆ ಇದೇ ಹೂರಣ. ಡಬ್ಬಿಯ ಹೂರಣದಿಂದ ದೊರಯಾಕಿ ಮಾರುತ್ತಿದ್ದ ಒಂದು ಪುಟ್ಟ ಅಂಗಡಿಗೆ ತೊಕುಯೆ ಎಂಬ ವೃದ್ಧೆ ಬಂದು ಕೆಲಸ ಬೇಡುತ್ತಾಳೆ. ಆಕೆಯ ಬೆರಳುಗಳು ಸೊಟ್ಟಗಾಗಿವೆ. ಆದರೆ ಆಕೆ ಬೇಯಿಸಿದ ಹೂರಣಕ್ಕೆ ಜನ ಸಾಲುಗಟ್ಟುತ್ತಾರೆ. ಆಕೆ ಕುಷ್ಠರೋಗದಿಂದ ನರಳಿದವಳೆಂಬ ಸುದ್ದಿ ಹರಡಿದೊಡನೆ ಸಾಲು ಕರಗಿಹೋಗುತ್ತದೆ. ಬಹುಕಾಲದ ಹಿಂದೆಯೇ ಗುಣವಾದ ರೋಗವದು.

ಕಥೆ ಕಲ್ಪಿತ, ಹಿನ್ನೆಲೆ ಕಲ್ಪಿತವಲ್ಲ. ಟೋಕಿಯೋದ ಪಶ್ಚಿಮಕ್ಕೆ ಹಿಗಾಶಿಮುರಾಯಾಮಾ ಎಂಬ ಊರಿನಲ್ಲಿ 1909ರಲ್ಲಿ ಸ್ಥಾಪಿತವಾದ ಕುಷ್ಠರೋಗಿಗಳ ಆಶ್ರಮ ಇಂದಿಗೂ ಇದೆ; ಈಗ ಅದಕ್ಕೆ ತಾಮಾ ಝೆನ್‌ಶೋಎನ್ ಎಂದು ಹೆಸರು. ರೋಗಿಗಳನ್ನು ಊರಿನಿಂದ ಬೇರ್ಪಡಿಸಿ ಇಡುವ ಕಾನೂನು, ಔಷಧಿ ದೊರೆತು ರೋಗ ಗುಣವಾಗತೊಡಗಿದ ಮೇಲೆಯೂ 1996ರವರೆಗೆ ಉಳಿದಿತ್ತು. ಮದುವೆಯಾದವರಿಗೂ ಮಕ್ಕಳನ್ನು ಪಡೆಯುವ ಅವಕಾಶವಿರಲಿಲ್ಲ. ಮನೆತನಕ್ಕೆ ಕಳಂಕ ತಟ್ಟೀತೆಂದು ಅನೇಕರು ಹೆಸರನ್ನೇ ಬದಲಿಸಿಕೊಂಡರು. ಸತ್ತ ಮೇಲೆಯೂ ಬಂಧುಗಳು ಒಯ್ಯದ ಅಸ್ಥಿಗಳು ಆಶ್ರಮದ ಅಸ್ಥಿಮಂದಿರದಲ್ಲಿಯೇ ಉಳಿದವು. 2001ರಲ್ಲಿ ಕುಮಾಮೋತೋ ನ್ಯಾಯಾಲಯ ಈ ನೀತಿ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಸರ್ಕಾರ ಮೇಲ್ಮನವಿ ಸಲ್ಲಿಸದೆ ಕ್ಷಮೆ ಕೋರಿತು. ಆದರೆ ಅಷ್ಟು ಹೊತ್ತಿಗೆ ಅಲ್ಲಿದ್ದವರು ಮುದುಕರಾಗಿದ್ದರು. ಬಹುಮಂದಿಗೆ ಮರಳಿ ಹೋಗಲು ಮನೆಗಳಿರಲಿಲ್ಲ.

ಒಂದು ಕಾಲದಲ್ಲಿ ಹೊರಲೋಕವನ್ನು ಮರೆಮಾಡಲೆಂದು ಬೆಳೆಸಿದ ಮುಳ್ಳೆಲೆಯ ಬೇಲಿಯನ್ನು ದಾಟಿ ಇಂದು ಯಾರು ಬೇಕಾದರೂ ಒಳಗೆ ಹೋಗಬಹುದು. ನಿವಾಸಿಗಳು ತಮ್ಮ ಕೈಯಾರೆ ನೆಟ್ಟ ಮರಗಳು ಈಗ ಕಾಡಾಗಿ ಬೆಳೆದಿವೆ. ವಸಂತದಲ್ಲಿ ಚೆರಿ ಹೂಗಳನ್ನು ನೋಡಲು ಸುತ್ತಲಿನ ಸಂಸಾರಗಳು ಮಕ್ಕಳೊಡನೆ ಬರುತ್ತವೆ. ಪಕ್ಕದಲ್ಲಿ 1993ರಲ್ಲಿ ತೆರೆದ ವಸ್ತುಸಂಗ್ರಹಾಲಯವಿದೆ. ಟೋಕಿಯೋಕ್ಕೆ ಹೋಗುವ ನಮ್ಮ ಪ್ರವಾಸಿಗರು ಉಯೆನೋದಲ್ಲಿ ದೊರಯಾಕಿ ಕೊಂಡ ಮೇಲೆ ಅರ್ಧ ದಿನ ಬಿಡುವು ಮಾಡಿಕೊಂಡು ಈ ಊರಿಗೂ ಹೋಗಿಬರಲಿ. ಪೊಟ್ಟಣದಲ್ಲಿ ಒಂದೆರಡನ್ನು ಉಳಿಸಿಕೊಂಡಿದ್ದರೆ ಆ ಮರಗಳ ನೆರಳಿನಲ್ಲಿ ಕುಳಿತು ತಿನ್ನಬಹುದು.