ಬೂದಿಯ ಲೆಕ್ಕ

ಜೂನ್ ತಿಂಗಳ ಮೊದಲ ಮಳೆ ಪಂಜಕ್ಕೆ ಬರುವುದು ಕತ್ತಲೆಯನ್ನು ಮುಂದಿಟ್ಟುಕೊಂಡು. ಸುಬ್ರಹ್ಮಣ್ಯದ ಕಡೆಯ ಘಟ್ಟದ ನೆತ್ತಿ ಕಪ್ಪಗಾಗುತ್ತದೆ. ಗಾಳಿ ಅಡಿಕೆಯ ತೋಟಕ್ಕೆ ತೋಟವನ್ನೇ ಒಂದು ಮಗ್ಗುಲಿಗೆ ಬಾಗಿಸುತ್ತದೆ. ಮೊದಲ ಹನಿ ಅಂಗಳವನ್ನು ಮುಟ್ಟುವುದಕ್ಕೆ ಮುನ್ನವೇ ದೀಪ ಆರಿಹೋಗಿರುತ್ತದೆ. ಪಂಚಲಿಂಗೇಶ್ವರ ದೇವಸ್ಥಾನದ ಆಸುಪಾಸಿನ ಪೇಟೆಗೂ ತೋಟದ ನಡುವಿನ ಒಂಟಿ ಮನೆಗೂ ಆಗ ಯಾವ ಭೇದವೂ ಉಳಿಯುವುದಿಲ್ಲ.

ಮಳೆಗಾಲದ ಕತ್ತಲೆಯನ್ನಾದರೂ ಸಹಿಸಬಹುದು. ಹಳೆಯ ಲಾಟೀನು ಇನ್ನೂ ಕೆಲವರ ಅಟ್ಟದಲ್ಲುಂಟು. ಬೇಸಗೆಯ ಸಂಕಟ ಬೇರೆ ಬಗೆಯದು. ಫೆಬ್ರವರಿಯಿಂದ ಮೇ ತಿಂಗಳವರೆಗೆ ಅಡಿಕೆಗೆ ನೀರು ಬೇಕು. ಹೊಳೆ ಬತ್ತುತ್ತ ಬರುತ್ತದೆ, ಕರೆಂಟು ಬರುವ ಹೊತ್ತು ಮೊಟಕಾಗುತ್ತ ಹೋಗುತ್ತದೆ. ಬಂದರೂ ವೋಲ್ಟೇಜು ಸಾಲದೆ ಪಂಪು ಗೊರಗುಟ್ಟುತ್ತದೆ. ಹಟಕ್ಕೆ ಬಿದ್ದು ನಡೆಸಿದರೆ ಮೋಟಾರಿನ ಸುರುಳಿ ಸುಟ್ಟುಹೋಗುತ್ತದೆ. ಒಂದು ಬೇಸಗೆ ನೀರಿಲ್ಲದೆ ಸೊರಗಿದ ಮರ ಮುಂದಿನ ಮಳೆಗೇನೂ ಮೊದಲಿನಂತಾಗುವುದಿಲ್ಲ. ಫಸಲು ಎರಡು ಮೂರು ವರ್ಷ ಅದರ ಲೆಕ್ಕ ಒಪ್ಪಿಸುತ್ತಲೇ ಇರುತ್ತದೆ.

ಇಂತಹ ಹೊತ್ತಿನಲ್ಲಿ ವಿದ್ಯುತ್ ಶಾಖಾ ಕಚೇರಿಗೆ ಹೋಗುವ ಫೋನಿನ ಸಂಭಾಷಣೆ ಹೆಚ್ಚುಕಡಮೆ ಒಂದೇ ತೆರ.

“ಅಣ್ಣಾ, ಕರೆಂಟು ಯಾವಾಗ ಬರ್ತದೆ?”

“ಲೈನಿನ ಮೇಲೆ ಮರ ಬಿದ್ದಿದೆ ಅಣ್ಣ. ಹುಡುಗರು ಹೋಗಿದ್ದಾರೆ, ಹುಡುಕ್ತಾ ಇದ್ದಾರೆ.”

ಹುಡುಗರು ಹೋಗಿರುವುದು ಸುಳ್ಳಲ್ಲ. ಕೊಡೆ ಹಿಡಿಯಲಾಗದ ಮಳೆಯಲ್ಲಿ, ಕೈಯಲ್ಲೊಂದು ಟಾರ್ಚು ಹಿಡಿದು, ಕಾಡು ತೋಟಗಳ ನಡುವೆ ಕಂಬದಿಂದ ಕಂಬಕ್ಕೆ ನಡೆಯುವ ಆ ಲೈನ್‌ಮನ್‌ಗಳನ್ನು ಬಯ್ಯಲು ಯಾರಿಗೂ ಬಾಯಿ ಬರುವುದಿಲ್ಲ. ಹಾಗಾದರೆ ಬಯ್ಯಬೇಕಾದವರು ಯಾರು? ಲೈನ್‌ಮನ್ನಿನ ಮೇಲೆ ಶಾಖಾಧಿಕಾರಿ, ಅವರ ಮೇಲೆ ಎಂಜಿನಿಯರುಗಳ ಒಂದು ದೀರ್ಘ ಶ್ರೇಣಿ, ಎಲ್ಲರ ಮೇಲೆ ಮಂಗಳೂರಿನ ಬಿಜೈಯಲ್ಲೊಂದು ಕುರ್ಚಿ. ೨೦೦೨ರಲ್ಲಿ ವಿದ್ಯುತ್ ವಿತರಣೆಯನ್ನು ಪ್ರಾದೇಶಿಕ ಕಂಪೆನಿಗಳಿಗೆ ಹಂಚಿದಾಗ ಹುಟ್ಟಿದ ಮೆಸ್ಕಾಂ ಸಂಸ್ಥೆಯ ವ್ಯವಸ್ಥಾಪಕ ನಿರ್ದೇಶಕರ ಕುರ್ಚಿ ಅದು. ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು, ಶಿವಮೊಗ್ಗ ಈ ನಾಲ್ಕು ಜಿಲ್ಲೆಗಳ ಶಾಪವೆಲ್ಲ ಕಡೆಗೆ ಹೋಗಿ ಸೇರುವುದು ಅಲ್ಲಿಗೆ.

ಆ ಕುರ್ಚಿಯಲ್ಲಿ ಮಹಿಳೆಯರೂ ಕುಳಿತದ್ದುಂಟು. ೨೦೧೯ರಲ್ಲಿ ಆರ್. ಸ್ನೇಹಲ್ ಅವರು, ೨೦೨೩ರಲ್ಲಿ ಡಿ. ಪದ್ಮಾವತಿಯವರು ಅಲ್ಲಿದ್ದರು. ಬೆಂಗಳೂರಿನ ಬೆಸ್ಕಾಂ ಸಂಸ್ಥೆಯನ್ನು ಸಿ. ಶಿಖಾ ಅವರು ನಡೆಸಿದ್ದರು. ಇವರೆಲ್ಲ ಆಡಳಿತ ಸೇವೆಯಿಂದ ಬಂದವರು. ನಮ್ಮ ನಾಡಿನ ಪದ್ಧತಿಯಲ್ಲಿ ಈ ಹುದ್ದೆ ಅಧಿಕಾರಿಯ ಪಯಣದಲ್ಲಿ ಒಂದು ನಿಲ್ದಾಣ ಮಾತ್ರ. ಒಂದೆರಡು ವರ್ಷಗಳಲ್ಲಿ ವರ್ಗದ ಆಜ್ಞೆ ಬರುವುದು ವಾಡಿಕೆ. ಇತ್ತ ಒಂದು ವಿದ್ಯುನ್ಮಾರ್ಗದ ಆಯುಸ್ಸನ್ನು ನೋಡಿ. ಪುತ್ತೂರು ತಾಲೂಕಿನ ಮಾಡಾವಿನಿಂದ ಸುಳ್ಯಕ್ಕೆ ಎಳೆಯಬೇಕಾದ ೧೧೦ ಕೆ.ವಿ. ಮಾರ್ಗದ ಮಾತು, ಕಾಡಿನ ಅನುಮತಿ, ಜಾಗದವರ ತಕರಾರು ಎಂದು ಹತ್ತು ವರ್ಷಕ್ಕೂ ಮಿಕ್ಕಿ ಎಳೆದಾಡಿತು. ಅದೂ ಮೆಸ್ಕಾಮಿನ ಕೆಲಸವಲ್ಲ, ಪ್ರಸರಣ ನಿಗಮದ್ದು. ಬಯ್ಗುಳ ಮಾತ್ರ ಮೆಸ್ಕಾಮಿಗೆ. ಒಂದು ತಂತಿ ಹುಟ್ಟಿ ಬೆಳೆಯುವಷ್ಟರಲ್ಲಿ ಕುರ್ಚಿಯಲ್ಲಿ ಐದಾರು ಮಂದಿ ಬಂದು ಹೋಗಿರುತ್ತಾರೆ. ಯಾರ ಕಾಲದ ತಪ್ಪು, ಯಾರ ಕಾಲದ ಒಪ್ಪು ಎಂಬುದನ್ನು ಬಿಡಿಸಿ ನೋಡುವ ಬಗೆ ಹೇಗೆ?

ಒಬ್ಬಳೇ ಹೆಂಗಸು ಇಂತಹದೇ ಕುರ್ಚಿಯಲ್ಲಿ ಹನ್ನೆರಡು ವರ್ಷಗಳ ಹತ್ತಿರ ಕುಳಿತಿದ್ದರೆ ಏನಾಗುತ್ತಿತ್ತು? ಇದಕ್ಕೆ ಉತ್ತರ ಬೇಕಾದರೆ ಕಡಲು ದಾಟಿ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಷಾರ್ಲೆಟ್ ನಗರಕ್ಕೆ ಹೋಗಬೇಕು. ಅಲ್ಲಿನ ಡ್ಯೂಕ್ ಎನರ್ಜಿ ಎಂಬ ವಿದ್ಯುತ್ ಕಂಪೆನಿಯ ಮುಖ್ಯಾಧಿಕಾರಿಣಿಯಾಗಿ ೨೦೧೩ರ ಜುಲೈ ೧ರಿಂದ ೨೦೨೫ರ ಮಾರ್ಚ್ ಕೊನೆಯವರೆಗೆ ಇದ್ದವರು ಲಿನ್ ಗುಡ್. ಆರು ರಾಜ್ಯಗಳಲ್ಲಿ ೭೦ ಲಕ್ಷಕ್ಕೂ ಮಿಕ್ಕ ಗ್ರಾಹಕರು. ಕರೆಂಟು ಉತ್ಪಾದಿಸುವುದು, ಸಾಗಿಸುವುದು, ಮನೆಗೆ ಮುಟ್ಟಿಸುವುದು ಎಲ್ಲವೂ ಒಂದೇ ಸೂರಿನಡಿ. ಆದುದರಿಂದ “ಅದು ನಮ್ಮದಲ್ಲ, ನಿಗಮದ್ದು” ಎಂದು ಕೈತೊಳೆದುಕೊಳ್ಳುವ ಸೌಕರ್ಯ ಅಲ್ಲಿಲ್ಲ.

ಲಿನ್ ಗುಡ್ ಹುಟ್ಟಿದ್ದು ೧೯೫೯ರಲ್ಲಿ. ಬೆಳೆದದ್ದು ಒಹಾಯೊ ರಾಜ್ಯದ ಫೇರ್‌ಫೀಲ್ಡ್ ಎಂಬ ಊರಿನಲ್ಲಿ, ಶಿಕ್ಷಕರ ಮನೆಯಲ್ಲಿ. ವಿದ್ಯುತ್ ಕಂಪೆನಿಯ ಒಡತಿಯಾಗುವವಳು ಬಾಲ್ಯದಿಂದಲೇ ತಂತಿ ಬಲ್ಬುಗಳೊಡನೆ ಆಡಿರಬೇಕೆಂದು ಓದುಗರು ಊಹಿಸಿದರೆ ಅದು ತಪ್ಪು. ಆಕೆ ಕಲಿತದ್ದು ಲೆಕ್ಕಪತ್ರ ವಿದ್ಯೆ. ೧೯೮೧ರಲ್ಲಿ ಪದವಿ ಪಡೆದು ಆರ್ಥರ್ ಆಂಡರ್ಸನ್ ಎಂಬ ಲೆಕ್ಕಪರಿಶೋಧಕರ ಸಂಸ್ಥೆ ಸೇರಿದರು; ಅಲ್ಲಿಯೇ ಪಾಲುದಾರರೂ ಆದರು. ಗಂಡಸರೇ ತುಂಬಿದ್ದ ಆ ಕಾಲದ ಕಚೇರಿಯಲ್ಲಿ ಹೆಂಗಸೊಬ್ಬಳು ಆ ಮೆಟ್ಟಿಲನ್ನು ಏರಿದ್ದು ಅಲ್ಪ ಸಂಗತಿಯಲ್ಲ. ಇನ್ನು ಬದುಕು ನೆಲೆಗೊಂಡಿತು ಎನ್ನುವಷ್ಟರಲ್ಲಿ ಎನ್ರಾನ್ ದಿವಾಳಿಯೆದ್ದಿತು. ದಾಭೋಳದ ಕಥೆಯಿಂದಾಗಿ ನಮ್ಮವರೂ ಬಲ್ಲ ಆ ಎನ್ರಾನ್ ಕಂಪೆನಿಯ ಲೆಕ್ಕ ನೋಡಿದವರು ಆಂಡರ್ಸನ್ ಸಂಸ್ಥೆಯವರೇ. ಸುಮಾರು ೮೫ ಸಾವಿರ ಜನ ದುಡಿಯುತ್ತಿದ್ದ ಸಂಸ್ಥೆ ೨೦೦೨ರಲ್ಲಿ ಕುಸಿದುಬಿತ್ತು. ಎಲ್ಲೋ ಕೆಲವರು ಬರೆದ ಸುಳ್ಳು ಲೆಕ್ಕಕ್ಕೆ, ಅದರ ಗಾಳಿಯೂ ಸೋಕದ ಸಾವಿರಾರು ಮಂದಿ ಬೀದಿಗೆ ಬಂದರು. ಇಪ್ಪತ್ತು ವರ್ಷ ದುಡಿದ ಮನೆ ಕಣ್ಣೆದುರಿಗೇ ಮಣ್ಣುಗೂಡಿದಾಗ ಲಿನ್ ಗುಡ್‌ಗೆ ನಲವತ್ತಮೂರರ ಆಸುಪಾಸು.

ಮರುವರ್ಷ ಆಕೆ ಸಿನ್ಸಿನಾಟಿಯ ಸಿನರ್ಜಿ ಎಂಬ ವಿದ್ಯುತ್ ಕಂಪೆನಿ ಸೇರಿದರು. ೨೦೦೬ರಲ್ಲಿ ಅದು ಡ್ಯೂಕ್‌ನಲ್ಲಿ ಲೀನವಾಯಿತು. ೨೦೦೯ರಲ್ಲಿ ಆಕೆ ಡ್ಯೂಕ್‌ನ ಹಣಕಾಸಿನ ಮುಖ್ಯಸ್ಥೆ. ಮುಂದಿನ ಬಡತಿ ಬಂದದ್ದು ಒಂದು ವಿಚಿತ್ರ ಪ್ರಸಂಗದ ಬೆನ್ನಿಗೆ. ೨೦೧೨ರ ಜುಲೈಯಲ್ಲಿ ಡ್ಯೂಕ್ ನೆರೆಯ ಪ್ರೋಗ್ರೆಸ್ ಕಂಪೆನಿಯೊಡನೆ ಕೂಡಿಕೊಂಡಿತು. ಒಪ್ಪಂದದಂತೆ ಪ್ರೋಗ್ರೆಸ್‌ನ ಬಿಲ್ ಜಾನ್ಸನ್ ಮುಖ್ಯಾಧಿಕಾರಿಯಾದರು. ಕೆಲವೇ ಗಂಟೆಗಳಲ್ಲಿ ನಿರ್ದೇಶಕ ಮಂಡಲಿ ಅವರನ್ನು ಇಳಿಸಿ ಹಳೆಯ ಜಿಮ್ ರೋಜರ್ಸ್ ಅವರನ್ನೇ ಮತ್ತೆ ಕೂರಿಸಿತು. ರಾಜ್ಯದ ನಿಯಂತ್ರಣ ಆಯೋಗ ಸಿಡಿಮಿಡಿಗೊಂಡು ವಿಚಾರಣೆ ನಡೆಸಿತು. ರೋಜರ್ಸ್ ಒಂದು ವರ್ಷದಲ್ಲಿ ನಿವೃತ್ತರಾಗಬೇಕೆಂದು ತೀರ್ಮಾನವಾಯಿತು. ಹೀಗೆ ಇಬ್ಬರು ಗಂಡಸರ ಜಗಳದಲ್ಲಿ ತೆರವಾದ ಕುರ್ಚಿಗೆ ಲೆಕ್ಕದ ಹೆಣ್ಣುಮಗಳು ಬಂದಳು.

ಬಂದು ಏಳೇ ತಿಂಗಳು. ೨೦೧೪ರ ಫೆಬ್ರವರಿ ೨ರಂದು ಡ್ಯಾನ್ ನದಿಯ ದಡದಲ್ಲಿ, ಅದಾಗಲೇ ಮುಚ್ಚಿಹೋಗಿದ್ದ ಕಲ್ಲಿದ್ದಲಿನ ಸ್ಥಾವರವೊಂದರ ಬೂದಿಕೊಳದ ತಳ ಒಡೆಯಿತು.

ಕಲ್ಲಿದ್ದಲು ಉರಿಸಿದಲ್ಲಿ ಬೂದಿ ಉಂಟು. ನಮ್ಮ ರಾಯಚೂರಿನ ಶಕ್ತಿನಗರದಲ್ಲೂ ಉಂಟು, ಉಡುಪಿ ಜಿಲ್ಲೆಯ ಎಲ್ಲೂರಿನಲ್ಲೂ ಉಂಟು. ಅಮೆರಿಕದವರು ಹಲವು ದಶಕ ಅನುಸರಿಸಿದ ಉಪಾಯ ಬಲು ಸುಲಭದ್ದು: ಬೂದಿಯನ್ನು ನೀರಿನಲ್ಲಿ ಕಲಸಿ, ನದಿಯ ಪಕ್ಕದಲ್ಲೇ ತೋಡಿದ ಕೊಳಕ್ಕೆ ಹರಿಸುವುದು, ಬೂದಿ ತಳಕ್ಕಿಳಿಯುತ್ತದೆ, ನೀರು ನದಿಗೆ ಹೋಗುತ್ತದೆ. ಆ ಬೂದಿಯಲ್ಲಿ ಆರ್ಸೆನಿಕ್ ಮೊದಲಾದ ವಿಷಗಳಿರುತ್ತವೆಂಬುದು ಗೊತ್ತಿಲ್ಲದ ಸಂಗತಿಯಲ್ಲ. ಡ್ಯಾನ್ ನದಿಯ ಕೊಳದ ಅಡಿಯಲ್ಲಿ ಮಳೆನೀರಿನ ಹಳೆಯ ಕೊಳವೆಯೊಂದು ಹಾದುಹೋಗಿತ್ತು. ಅದರ ಒಂದು ಭಾಗ ತಗಡಿನದು. ಆ ತಗಡು ತುಕ್ಕು ಹಿಡಿದು ಕುಸಿದಾಗ ಸುಮಾರು ೩೯ ಸಾವಿರ ಟನ್ ಬೂದಿ ನದಿಗೆ ಇಳಿಯಿತು. ಸುಮಾರು ೭೦ ಮೈಲಿಯುದ್ದಕ್ಕೆ ನದಿಯ ತಳ ಬೂದಿಯ ಲೇಪ ಹೊತ್ತಿತು.

ವಿಚಾರಣೆಯಲ್ಲಿ ಹೊರಬಿದ್ದ ಸಂಗತಿ ಇನ್ನೂ ಕಹಿ. ಕೊಳವೆಗಳ ಒಳಗೆ ಕ್ಯಾಮರಾ ಇಳಿಸಿ ಪರೀಕ್ಷಿಸಬೇಕೆಂದು ಸ್ಥಾವರದ ಸಿಬ್ಬಂದಿ ೨೦೧೧ರಲ್ಲಿ ಹಣ ಕೇಳಿದ್ದರು, ೨೦೧೨ರಲ್ಲಿ ಮತ್ತೆ ಕೇಳಿದ್ದರು. ನಾಲ್ಕು ಕೊಳವೆಗಳಿಗೂ ಸೇರಿ ತಗಲುತ್ತಿದ್ದುದು ೨೦ ಸಾವಿರ ಡಾಲರ್. ಎರಡು ಸಲವೂ ಮೇಲಿನವರು ಇಲ್ಲವೆಂದರು. ಆ ಎರಡೂ ವರ್ಷ ಸಂಸ್ಥೆಯ ಹಣಕಾಸಿನ ಮುಖ್ಯಸ್ಥೆ ಲಿನ್ ಗುಡ್. ಅಷ್ಟು ಚಿಕ್ಕ ಬಾಬತ್ತು ಅಷ್ಟು ದೊಡ್ಡ ಸಂಸ್ಥೆಯಲ್ಲಿ ಮುಖ್ಯಸ್ಥರ ಮೇಜಿನವರೆಗೆ ಏರಿಬರುವುದು ವಿರಳವೇ ಸರಿ. ಆದರೆ ಏರಿಬರುವುದಿಲ್ಲ ಎಂಬುದೇ ರೋಗದ ಬೇರಲ್ಲವೆ?

ಆಕೆ ತಪ್ಪಿಸಿಕೊಳ್ಳಲಿಲ್ಲ ಎಂಬುದನ್ನು ಒಪ್ಪಬೇಕು. ಮಾರ್ಚ್ ತಿಂಗಳಲ್ಲಿ ರಾಜ್ಯದ ಗವರ್ನರ್‌ಗೆ ಪತ್ರ ಬರೆದು ಹೊಣೆಯನ್ನು ಹೊತ್ತರು. ಬೂದಿಕೊಳಗಳನ್ನು ಏನು ಮಾಡುವುದೆಂದು ಯೋಜನೆಯನ್ನೂ ಮುಂದಿಟ್ಟರು. (ಆ ಗವರ್ನರ್ ಮಹಾಶಯರು ತಾವೇ ಎರಡು ದಶಕಗಳಿಗೂ ಮಿಕ್ಕಿ ಇದೇ ಕಂಪೆನಿಯಲ್ಲಿ ಉದ್ಯೋಗಕ್ಕಿದ್ದವರು! ಜನ ಆಡಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.) ೨೦೧೫ರ ಮೇ ತಿಂಗಳಲ್ಲಿ ಡ್ಯೂಕ್‌ನ ಅಂಗಸಂಸ್ಥೆಗಳು ಜಲರಕ್ಷಣೆಯ ಕಾನೂನಿನ ಒಂಬತ್ತು ಅಪರಾಧಗಳನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡವು. ದಂಡ, ಪರಿಹಾರ ಎಲ್ಲ ಸೇರಿ ತೆತ್ತದ್ದು ೧೦ ಕೋಟಿ ೨೦ ಲಕ್ಷ ಡಾಲರ್. ಕೊಳವೆ ನೋಡಲು ೨೦ ಸಾವಿರ ಹೆಚ್ಚೆಂದವರಿಗೆ ಬಂದ ಬಿಲ್ಲು ಅದು.

ದಂಡವನ್ನು ಗ್ರಾಹಕರ ತಲೆಗೆ ಕಟ್ಟಬಾರದೆಂದು ಷರತ್ತಿತ್ತು. ಬೂದಿಯನ್ನು ತೋಡಿ ತೆಗೆಯುವ ಖರ್ಚಿಗೆ ಆ ಷರತ್ತಿರಲಿಲ್ಲ. ಅಲ್ಲಿಯೇ ನಿಜವಾದ ಜಗಳ. ಅಗ್ಗದ ಉಪಾಯದಿಂದ ಹಿಂದಿನ ತಲೆಮಾರಿಗೆ ಅಗ್ಗದ ಕರೆಂಟು ಸಿಕ್ಕಿತು. ಈಗ ಅದರ ಹೊಲಸನ್ನು ತೊಳೆಯುವ ಖರ್ಚನ್ನು ಯಾರು ಕೊಡಬೇಕು? ಷೇರುದಾರರೋ, ಇಂದಿನ ಬಿಲ್ಲು ಕಟ್ಟುವವರೋ? ಲಿನ್ ಗುಡ್ ಅವರ ಕಂಪೆನಿ ಗ್ರಾಹಕರೇ ಕೊಡಬೇಕೆಂದು ವರ್ಷಗಟ್ಟಲೆ ವಾದಿಸಿತು. ಈ ವಾದದಲ್ಲಿ ಆಕೆಯ ಬಗ್ಗೆ ಮರುಕ ಹುಟ್ಟುವುದು ಕಷ್ಟ. ಹಾಗೆಯೇ, ಎಲ್ಲ ಕೊಳಗಳನ್ನೂ ತೋಡಲೇಬೇಕೆಂಬ ಆದೇಶವನ್ನೂ ಕಂಪೆನಿ ಮೊದಲು ವಿರೋಧಿಸಿತ್ತು. ಕಡೆಗೆ ೨೦೧೯ರ ಡಿಸೆಂಬರ್ ಕೊನೆಯ ದಿನ ರಾಜಿಯಾಗಿ, ಆರು ಸ್ಥಾವರಗಳಿಂದ ಸುಮಾರು ೮ ಕೋಟಿ ಟನ್ ಬೂದಿಯನ್ನು ಎತ್ತಲು ಒಪ್ಪಿತು. ೨೦೨೧ರ ಜನವರಿಯಲ್ಲಿ ಖರ್ಚಿನ ವಿಷಯವೂ ಇತ್ಯರ್ಥವಾಯಿತು. ಗ್ರಾಹಕರಿಂದ ಬೇಡಿದ್ದ ಮೊತ್ತದಲ್ಲಿ ಸುಮಾರು ೧೧೦ ಕೋಟಿ ಡಾಲರನ್ನು ಕಂಪೆನಿ ಬಿಟ್ಟುಕೊಟ್ಟಿತು. ಉಳಿದದ್ದನ್ನು ಬಿಲ್ಲು ಕಟ್ಟುವವರೇ ಹೊತ್ತರು.

ಆದರೆ ಒಂದು ಮಾತು. ೨೦೧೪ರಲ್ಲಿ ಪತ್ರ ಬರೆದವರೂ, ೨೦೨೧ರಲ್ಲಿ ಬಿಟ್ಟುಕೊಟ್ಟವರೂ ಒಬ್ಬರೇ. ಏಳು ವರ್ಷ ಪ್ರಶ್ನೆ ಕೇಳಿದವರಿಗೆ ಎದುರಿಗೆ ಅದೇ ಮುಖ ಸಿಕ್ಕಿತು. ಹೊಗಳುವವರಿಗೂ ತೆಗಳುವವರಿಗೂ ಒಂದು ಹೆಸರಿತ್ತು.

ಕತ್ತಲೆಯೂ ಆಕೆಯನ್ನು ಬಿಡಲಿಲ್ಲ. ೨೦೧೮ರ ಫ್ಲಾರೆನ್ಸ್ ಚಂಡಮಾರುತದಲ್ಲಿ ಸುಮಾರು ೧೮ ಲಕ್ಷ ಗ್ರಾಹಕರ ದೀಪ ಆರಿತು. ೨೦೨೨ರ ಡಿಸೆಂಬರ್ ೨೪ರ ಬೆಳಗ್ಗೆ, ಕ್ರಿಸ್ಮಸ್ಸಿನ ಹಿಂದಿನ ದಿನ, ಕಡುಚಳಿಗೆ ಕರೆಂಟು ಸಾಲದೆ ಸುಮಾರು ೫ ಲಕ್ಷ ಮನೆಗಳಿಗೆ ಸರದಿಯ ಮೇಲೆ ಪೂರೈಕೆ ನಿಲ್ಲಿಸಬೇಕಾಯಿತು. ಲೋಡ್ ಶೆಡ್ಡಿಂಗ್ ಎಂದರೆ ಪಂಜದ ಮಕ್ಕಳಿಗೂ ಅರ್ಥವಾಗುತ್ತದೆ. ಅಲ್ಲಿಯವರಿಗೆ ಅದು ಸಿಡಿಲು ಬಡಿದಂತಾಗಿ, ಆಯೋಗದ ಮುಂದೆ ಕಂಪೆನಿ ಕ್ಷಮೆ ಕೇಳಬೇಕಾಯಿತು. ೨೦೨೪ರ ಸೆಪ್ಟೆಂಬರಿನಲ್ಲಿ ಬಂದ ಹೆಲೀನ್ ಚಂಡಮಾರುತ ಬೆಟ್ಟದ ಊರುಗಳಲ್ಲಿ ಮರಗಳನ್ನು ಕಂಬಗಳ ಮೇಲೆ ಕೆಡವಿ, ಉಪಕೇಂದ್ರಗಳಿಗೇ ನೀರು ನುಗ್ಗಿಸಿತು.

ಕ್ಯಾಲಿಫೋರ್ನಿಯದಲ್ಲಿಯೂ ಒಬ್ಬ ಮಹಿಳೆ ಇಂತಹದೇ ಬಳುವಳಿ ಪಡೆದರು. ಅಲ್ಲಿನ ಪಿ.ಜಿ. ಅಂಡ್ ಇ. ಕಂಪೆನಿಯ ಗೋಪುರವೊಂದರ ಸವೆದ ಕೊಕ್ಕೆ ಮುರಿದು, ೨೦೧೮ರ ನವೆಂಬರಿನಲ್ಲಿ ಕಾಳ್ಗಿಚ್ಚು ಹೊತ್ತಿ, ಪ್ಯಾರಡೈಸ್ ಎಂಬ ಊರು ಸುಟ್ಟು ೮೫ ಜನ ಸತ್ತರು. ೨೦೨೧ರ ಜನವರಿಯಲ್ಲಿ ಆ ಕಂಪೆನಿಯ ಕುರ್ಚಿಗೆ ಬಂದ ಪ್ಯಾಟಿ ಪಾಪಿ ಅದೇ ಬೇಸಗೆಯಲ್ಲಿ ೧೦ ಸಾವಿರ ಮೈಲಿ ತಂತಿಯನ್ನು ನೆಲದಡಿಗೆ ಹಾಕುವುದಾಗಿ ಸಾರಿದರು. ಕೊಕ್ಕೆ ಬದಲಿಸುವ ಖರ್ಚು ಎಷ್ಟಿದ್ದೀತು!

ಇತ್ತ ಪಂಜದಲ್ಲಿ, ಮಳೆಗೆ ಮುನ್ನ ಒಂದು ದಿನ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಿನ ಪ್ರಕಟಣೆ ಬರುತ್ತದೆ: ವಿದ್ಯುನ್ಮಾರ್ಗದ ಬದಿಯ ಮರಗಳ ಗೆಲ್ಲು ಕಡಿಯುವ ಪ್ರಯುಕ್ತ ಬೆಳಗ್ಗೆಯಿಂದ ಸಂಜೆಯ ತನಕ ವಿದ್ಯುತ್ ನಿಲುಗಡೆ. ಆ ದಿನ ಲೈನ್‌ಮನ್‌ಗಳು ಕತ್ತಿ, ಗರಗಸ, ಹಗ್ಗ ಹೊತ್ತು ತೋಟದಿಂದ ತೋಟಕ್ಕೆ ಇಳಿಯುತ್ತಾರೆ. ತನ್ನ ಹಲಸಿನ ಮರದ ಗೆಲ್ಲು ಮಾತ್ರ ಬೇಡವೆಂದು ಒಬ್ಬರು ಅಂಗಳದಲ್ಲಿ ಅಡ್ಡ ನಿಲ್ಲುತ್ತಾರೆ. ಪಂಪು ನಡೆಯಲಿಲ್ಲ, ಒಂದು ದಿನದ ನೀರು ಹೋಯಿತೆಂದು ಇನ್ನೊಬ್ಬರು ಶಾಖಾ ಕಚೇರಿಗೆ ಫೋನು ಮಾಡುತ್ತಾರೆ.

“ಸಂಜೆಗೆ ಬರ್ತದೆ ಅಣ್ಣ, ಇನ್ನು ಎರಡು ಮರ ಉಂಟು.”