ಬೆಳಕಿನ ಸಂಧಿ

ಕಾರವಾರದ ತೀರದಾಚೆ ದೇವಗಡವೆಂಬ ನಡುಗಡ್ಡೆಯ ನೆತ್ತಿಯ ಮೇಲೆ ೧೮೬೪ರಲ್ಲಿ ನಿರ್ಮಿತವಾದ ದೀಪಸ್ತಂಭವೊಂದುಂಟು. ಒಂದೂವರೆ ಶತಮಾನಕ್ಕೂ ಮಿಕ್ಕಿ ಆ ಬೆಳಕನ್ನು ನಂಬಿ ಕಡಲಿಗಿಳಿದವರು ಅಸಂಖ್ಯರು. ಅಂಥವರಲ್ಲಿ ಅಂಕೋಲಾ ತಾಲೂಕಿನ ಬೇಲೆಕೇರಿಯ ಕಡೆಯ ವೃದ್ಧ ಮೀನುಗಾರರೂ ಒಬ್ಬರು. ಅವರ ಒಬ್ಬನೇ ಮಗ ಈ ವಿದ್ಯಾಲಯದ ಹಳೆಯ ವಿದ್ಯಾರ್ಥಿ. ತಂದೆ ಕಣ್ಣಿಗೆ ಕಾಣುವ ಬೆಳಕನ್ನು ಅನುಸರಿಸಿ ಬಾಳಿದವರು. ಮಗ ಕಣ್ಣಿಗೆ ಕಾಣದ ಬೆಳಕನ್ನು ಅನುಸರಿಸಿ ಬಾಳುವವನು. ಈ ಎರಡು ಕಸುಬುಗಳ ನಡುವೆ ಬಹುಕಾಲ ಒಂದು ಮೌನ ನೆಲೆಸಿತ್ತು. ಅದು ಕರಗಿದ ಬಗೆ ಅರಿಯತಕ್ಕದ್ದಾಗಿದೆ.

ತಂದೆಯ ವಿದ್ಯೆ ಪುಸ್ತಕದಲ್ಲಿ ಬರೆದಿಟ್ಟುದಲ್ಲ. ಅಳಿವೆಯ ಬಾಯಲ್ಲಿ ಮರಳದಿಬ್ಬಗಳು ಎಡಬಲಕ್ಕೂ ಅಡಗಿರುತ್ತವೆ. ನಡುವಿನ ಕಿರಿದಾದ ಆಳದಲ್ಲಿಯೇ ದೋಣಿ ಒಳಬರಬೇಕು. ಅದಕ್ಕೆ ಅವರು ದಡದ ಗಾಳಿಮರವೊಂದನ್ನೂ ಅದರ ಹಿಂದೆ ದೂರದಲ್ಲಿರುವ ಗುಡ್ಡದ ತುದಿಯನ್ನೂ ಗುರುತಾಗಿ ಹಿಡಿದಿದ್ದರು. ಮರವು ತುದಿಯ ನೇರಕ್ಕೆ ನಿಂತರೆ ದಾರಿ ಸರಿ. ಮರವು ತುದಿಯಿಂದ ಎಡಕ್ಕೆ ಸರಿದಂತೆ ತೋರಿದರೆ ದೋಣಿ ಬಲಕ್ಕೆ ಹೋಗಿದೆಯೆಂದೇ ಅರ್ಥ. ಆಗ ಎಡಕ್ಕೆ ತಿರುಗಿಸಬೇಕು. ಮುಂದಿನ ಗುರುತು ಎತ್ತ ಸರಿದಿದೆಯೋ ದೋಣಿಯೂ ಅತ್ತಲೇ ಹೋಗಬೇಕೆಂಬುದು ಅವರ ಸೂತ್ರ. ಜಗತ್ತಿನ ಬಂದರುಗಳಲ್ಲಿ ಒಂದರ ಹಿಂದೊಂದು ಎತ್ತರದಲ್ಲಿ ದೀಪಗಳೆರಡನ್ನು ನಿಲ್ಲಿಸಿ ಹಡಗುಗಳನ್ನು ಒಳತರುವುದೂ ಇದೇ ನ್ಯಾಯದಿಂದ.

ಈ ವಿದ್ಯೆಯನ್ನು ಮಗನಿಗೆ ಒಪ್ಪಿಸಬೇಕೆಂಬುದು ಅವರ ಹಂಬಲವಾಗಿತ್ತು. ಆದರೆ ಮಗನ ಮನಸ್ಸನ್ನು ಬೇರೊಂದು ಬೆಳಕು ಸೆಳೆದಿತ್ತು. ಶಾಲೆಯ ವಿಜ್ಞಾನದ ಕೊಠಡಿಯನ್ನು ಕತ್ತಲೆ ಮಾಡಿ, ತಗಡಿನ ಡಬ್ಬಿಯ ಬದಿಗೆ ರಂಧ್ರ ಕೊರೆದು, ನೀರು ತುಂಬಿಸಿ, ರಂಧ್ರಕ್ಕೆ ಎದುರಾಗಿ ಬ್ಯಾಟರಿಯ ಬೆಳಕು ಬಿಟ್ಟು ಗುರುಗಳು ತೋರಿಸಿದ ಪ್ರಯೋಗ ಅದು. ಬಾಗಿ ಬೀಳುವ ನೀರಿನ ಧಾರೆಯೊಳಗೆ ಬೆಳಕೂ ಬಾಗಿ ಬಕೆಟ್ಟಿಗೆ ಇಳಿಯಿತು. ೧೮೪೧ರಲ್ಲಿ ಜಿನೀವಾದಲ್ಲಿ ಕೊಲಡೋನ್, ೧೮೫೪ರಲ್ಲಿ ಲಂಡನ್ನಿನಲ್ಲಿ ಟಿಂಡಾಲ್ ಸಭಿಕರಿಗೆ ತೋರಿಸಿದ ಕೌತುಕವೇ ಅದು. ನೀರಿನ ಒಳಮೈಗೆ ಓರೆಯಾಗಿ ತಗುಲಿದ ಬೆಳಕು ಹೊರಬೀಳದೆ ಮತ್ತೆ ಮತ್ತೆ ಪ್ರತಿಫಲಿಸಿ ಮುಂದೆ ಸಾಗುತ್ತದೆ. ಬಾಲಕನು ಅಂದು ಬಕೆಟ್ಟಿನ ಬಳಿಯಿಂದ ಏಳಲೇ ಇಲ್ಲವಂತೆ. ಓದು ಮುಗಿಸಿ ಗಾಜಿನ ಎಳೆಗಳ ಕೇಬಲ್ ಜೋಡಿಸುವ ಕೆಲಸಕ್ಕೆ ಸೇರಿದನು. ದೋಣಿಯನ್ನು ಮಾರಿದ ದಿನ ತಂದೆ ಒಂದು ಮಾತನ್ನೂ ಆಡಲಿಲ್ಲ.

ಗಾಜಿನ ಎಳೆಯ ಕಥೆಯಲ್ಲಿ ಭಾರತೀಯರ ಪಾಲೂ ಉಂಟು. ಪಂಜಾಬಿನ ಮೋಗಾದಲ್ಲಿ ಜನಿಸಿದ ನರಿಂದರ್ ಸಿಂಗ್ ಕಪಾನಿಯವರು ಲಂಡನ್ನಿನಲ್ಲಿ ಹಾಪ್‌ಕಿನ್ಸ್ ಅವರೊಡನೆ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿದ ವಿಷಯ ೧೯೫೪ರಲ್ಲಿ ಪ್ರಕಟವಾಯಿತು. ಗಾಜು ಸಾಕಷ್ಟು ಶುದ್ಧವಾಗಿ, ಒಂದು ಕಿಲೋಮೀಟರಿನ ಕೊನೆಯಲ್ಲಿ ನೂರರಲ್ಲಿ ಒಂದು ಪಾಲು ಬೆಳಕಾದರೂ ಉಳಿದರೆ ದೂರದ ಮಾತುಕತೆ ಸಾಧ್ಯವೆಂದು ಚಾರ್ಲ್ಸ್ ಕಾವೊ ೧೯೬೬ರಲ್ಲಿ ತೋರಿಸಿಕೊಟ್ಟರು. ೧೯೭೦ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯವರು ಅಂಥ ಎಳೆಯನ್ನು ತೆಗೆದರು. ಕಾವೊ ಅವರಿಗೆ ೨೦೦೯ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಕಪಾನಿಯವರಿಗೆ ಮರಣಾನಂತರ ೨೦೨೧ರಲ್ಲಿ ಪದ್ಮವಿಭೂಷಣ ಸಂದಿತು. ಇಂದಿನ ಉತ್ತಮ ಗಾಜಿನಲ್ಲಿ ಕಾರವಾರದಿಂದ ಹೊರಟ ಬೆಳಕು ಸುಮಾರು ೩೫ ಕಿಲೋಮೀಟರ್ ಸಾಗಿ ಅಂಕೋಲೆ ಸೇರುವಾಗ ಐದರಲ್ಲಿ ಒಂದು ಪಾಲು ಉಳಿದಿರುತ್ತದೆ. ೧೯೯೮ರಲ್ಲಿ ಪೂರ್ಣಗೊಂಡ ಕೊಂಕಣ ರೈಲುಮಾರ್ಗದ ಪಕ್ಕದಲ್ಲಿಯೂ ಇಂಥ ಕೇಬಲ್ ಹಾಯ್ದುಹೋಗಿದೆ.

೨೦೨೪ನೆಯ ಜುಲೈ ೧೬ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರ ಪ್ರಾಣಗಳು ಹೋದವು. ತಾಲೂಕಿಗೆ ತಾಲೂಕೇ ದುಃಖದಲ್ಲಿ ಮುಳುಗಿದ್ದ ಆ ದಿನಗಳಲ್ಲಿ, ಬೇರೊಂದೆಡೆ ಹಳ್ಳದ ಬದಿಯ ಮಣ್ಣು ಜಾರಿ ಕೇಬಲೊಂದು ಹರಿಯಿತು. ಹತ್ತಾರು ಮನೆಗಳ ಫೋನು ಮೂಕವಾದವು. ದೂರದಲ್ಲಿ ದುಡಿಯುವ ಮಕ್ಕಳ ದನಿ ಕೇಳಲು ತಾಯಂದಿರು ಹಂಬಲಿಸುತ್ತಿದ್ದ ಸಮಯ ಅದು. ಎರಡು ದಿನ ಮನೆಗೆ ಬಾರದ ಮಗನಿಗೆ ಊಟದ ಡಬ್ಬಿ ಹಿಡಿದು, ಕೊಡೆಯ ಕೆಳಗೆ, ಪೊರೆ ತೆಗೆಸಿದ ಕಣ್ಣುಗಳಿಂದ ದಾರಿ ನೋಡಿಕೊಳ್ಳುತ್ತ, ವೃದ್ಧರು ಆ ರಾತ್ರಿ ತಾಡಪಾಲಿನ ಕೆಳಗೆ ಬಂದು ಕುಳಿತರು.

ಮಗನು ಎಳೆಯ ಹೊದಿಕೆಯನ್ನು ಸುಲಿದು, ಸ್ಪಿರಿಟಿನಲ್ಲಿ ಒರೆಸಿ, ತುದಿಯನ್ನು ನೆಟ್ಟಗೆ ಕತ್ತರಿಸಿ, ಎರಡು ತುದಿಗಳನ್ನು ಯಂತ್ರದೊಳಗೆ ಎದುರುಬದುರಾಗಿ ಇಡುತ್ತಿದ್ದನು. ಎಳೆಯ ಗಾಜಿನ ದಪ್ಪ ೧೨೫ ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಎಂಟನೆಯ ಒಂದು ಪಾಲು. ಬೆಳಕು ಸಾಗುವ ನಡುತಿರುಳು ಅದರಲ್ಲಿ ಸುಮಾರು ೯ ಮೈಕ್ರೋಮೀಟರ್ ಮಾತ್ರ. ತಿರುಳಿಗೆ ತಿರುಳು ಒಂದು ಮೈಕ್ರೋಮೀಟರ್ ಓರೆಯಾದರೆ ಬೆಳಕಿನ ನೂರರಲ್ಲಿ ನಾಲ್ಕೈದು ಪಾಲು ಹೋಗುತ್ತದೆ. ಐದು ಮೈಕ್ರೋಮೀಟರ್ ಓರೆಯಾದರೆ ಅರ್ಧಕ್ಕಿಂತ ಹೆಚ್ಚೇ ಹೋಗುತ್ತದೆ. ಯಂತ್ರದ ಕ್ಯಾಮೆರಾಗಳು ಎರಡು ದಿಕ್ಕಿನಿಂದ ತಿರುಳನ್ನು ನೋಡುತ್ತವೆ. ಸಣ್ಣ ಮೋಟಾರುಗಳು ಎಳೆಗಳನ್ನು ಸರಿಸಿ ನೇರಕ್ಕೆ ತರುತ್ತವೆ. ಕೊನೆಗೆ ವಿದ್ಯುತ್ ಕಿಡಿಯೊಂದು ಎರಡನ್ನೂ ಕರಗಿಸಿ ಬೆಸೆಯುತ್ತದೆ.

"ಬೆಳಕು ಎಲ್ಲದೆ, ತಮಾ? ನಂಗೆ ಕಾಣುದಿಲ್ಲಲ್ಲ" ಎಂದರು ತಂದೆ.

"ನಂಗೂ ಕಾಣುದಿಲ್ಲ, ಅಪ್ಪ. ಯಾರಿಗೂ ಕಾಣುದಿಲ್ಲ. ಕಾಣುದಿಲ್ಲ ಅಂತ ಕಣ್ಣು ಹತ್ರ ಹಿಡಿದ್ರೆ ಕಣ್ಣೇ ಹೋಗ್ತದೆ."

ಅದು ನಿಜ. ಈ ಎಳೆಗಳಲ್ಲಿ ಹರಿಯುವುದು ಕೆಂಪಿನಾಚೆಯ ಬೆಳಕು. ಅದನ್ನು ಅರಿಯುವುದು ಕಣ್ಣಲ್ಲ; ಬೆಳಕು ತಗುಲಿದಾಗ ವಿದ್ಯುತ್ತನ್ನು ಹೊಮ್ಮಿಸುವ ಒಂದು ಸಣ್ಣ ಹರಳು.

ಹಾಗೆ ಹೇಳುತ್ತಿರುವಾಗಲೇ ಪರದೆಯ ಮೇಲೆ ಒಂದು ಬೆಸುಗೆಯ ನಷ್ಟ ಅಧಿಕವೆಂದು ತೋರಿತು. ಮಗನು ಅದನ್ನು ಕತ್ತರಿಸಿ ಎಸೆದು ಮತ್ತೆ ಮೊದಲಿನಿಂದ ತೊಡಗಿದನು. ಕೂಡಿದ್ದನ್ನು ಕತ್ತರಿಸುವುದೇಕೆಂದು ತಂದೆ ಕೇಳಲಿಲ್ಲ. ಪರದೆಯಲ್ಲಿ ದೊಡ್ಡದಾಗಿ ತೋರುತ್ತಿದ್ದ ಎರಡು ಎಳೆಗಳನ್ನೇ ಬಹುಹೊತ್ತು ನೋಡಿ, "ಮುಂದಿನ ಗುರುತು ಸರಿದಿತ್ತು" ಎಂದರು. ಮಗನ ಕೈ ಕ್ಷಣಕಾಲ ನಿಂತಿತು. ೨೪ ಎಳೆಗಳು ಕೂಡಿ ಮುಗಿಯುವವರೆಗೆ, ಬೆಳಗಿನ ಜಾವದ ತನಕ, ವೃದ್ಧರು ಅಲ್ಲಿಂದ ಏಳಲಿಲ್ಲ.

ವ್ಯಾಕರಣ ಬಲ್ಲವರಿಗೆ ಈ ಕಾರ್ಯ ಸಂಧಿಪ್ರಕರಣವನ್ನು ನೆನಪಿಗೆ ತಾರದಿರದು. ಊರು ಎಂಬುದಕ್ಕೆ ಅಲ್ಲಿ ಎಂಬುದು ಕೂಡಿ ಊರಲ್ಲಿ ಎಂದಾಗ ನಡುವಿನ ಉಕಾರ ಲೋಪವಾಗುತ್ತದೆ. ಕೂಡುವಲ್ಲೆಲ್ಲ ಏನಾದರೊಂದು ಕಳೆಯುವುದು ಲೋಕದ ರೀತಿ. ಸ್ವರಕ್ಕೆ ಸ್ವರ ಎದುರಾದರೂ ಎರಡೂ ತಮ್ಮ ರೂಪದಲ್ಲಿಯೇ ಉಳಿಯುವುದಕ್ಕೆ ಪ್ರಕೃತಿಭಾವವೆಂದು ಹೆಸರು. ಗಾಜಿನ ಸಂಧಿಕಾರನು ಲೋಪವಿಲ್ಲದ ಕೂಡಿಕೆಯನ್ನು ಬಯಸುತ್ತಾನೆ. ಅದು ಪೂರ್ತಿ ದೊರೆಯದಿದ್ದರೂ ಅದರ ಸಮೀಪಕ್ಕೆ ಹೋಗುವುದೇ ಅವನ ಸಾಧನೆ.

ಆ ರಾತ್ರಿಯ ಬಳಿಕ ತಂದೆ ಕೇಳತೊಡಗಿದರು, ಮಗ ಹೇಳತೊಡಗಿದನು. ನೆಲದಡಿಯ ಬೆಸುಗೆ ಒಮ್ಮೆ ಕೂಡಿದರೆ ಸ್ಥಿರ. ಆದರೆ ದೊಡ್ಡ ಕೇಂದ್ರಗಳಲ್ಲಿ ಒಂದು ಎಳೆಯ ಬೆಳಕನ್ನು ಬೇಕಾದ ಬೇರೊಂದು ಎಳೆಗೆ ತಿರುಗಿಸುವ ಯಂತ್ರಗಳುಂಟು. ಅಮೆರಿಕದ ಲ್ಯೂಸೆಂಟ್ ಸಂಸ್ಥೆಯು ೨೦೦೦ದ ಸುಮಾರಿಗೆ ೨೫೬ ಎಳೆಗಳಿಂದ ಬಂದ ಬೆಳಕನ್ನು ಅಷ್ಟೇ ಎಳೆಗಳಿಗೆ ಹಂಚುವ, ಸೂಕ್ಷ್ಮ ಕನ್ನಡಿಗಳ ಯಂತ್ರವೊಂದನ್ನು ಹೊರತಂದಿತ್ತು. ಮಸೂರದಿಂದ ಹೊರಟ ಕಿರಣವು ಒಂದು ಕನ್ನಡಿಗೆ, ಅಲ್ಲಿಂದ ಇನ್ನೊಂದು ಕನ್ನಡಿಗೆ ತಗುಲಿ ಗೊತ್ತಾದ ಎಳೆಯ ತಿರುಳಿಗೆ ಇಳಿಯಬೇಕು. ಸೆಕೆಯಿಂದಲೂ ಅದುರಿನಿಂದಲೂ ಕನ್ನಡಿ ಕೂದಲೆಳೆಯಷ್ಟು ಸರಿದರೂ ಬೆಳಕು ತಪ್ಪುತ್ತದೆ. ಆದುದರಿಂದ ಇಂಥ ಯಂತ್ರಗಳಲ್ಲಿ ಹೊರಹೋಗುವ ಬೆಳಕಿನ ಅತ್ಯಲ್ಪ ಪಾಲನ್ನು ಬೇರ್ಪಡಿಸಿ ಅಳೆಯುವುದುಂಟು. ಕನ್ನಡಿಯನ್ನು ಕಿಂಚಿತ್ತು ಅತ್ತ ಅಲುಗಿಸಿದಾಗ ಬೆಳಕು ಹೆಚ್ಚಿದರೆ ಅತ್ತಲೇ, ಕಡಿಮೆಯಾದರೆ ಇತ್ತ. ಹೀಗೆ ತಡವುತ್ತ ಅತ್ಯಧಿಕ ಬೆಳಕಿನ ಎಡೆಯಲ್ಲಿ ನಿಲ್ಲಿಸುತ್ತಾರೆ. ನಿಂತಿತೆಂದು ಸುಮ್ಮನಿರುವಂತಿಲ್ಲ, ಅಳತೆಯೂ ತಿದ್ದುವಿಕೆಯೂ ಎಡೆಬಿಡದೆ ನಡೆಯಬೇಕು. ಇದನ್ನು ಕೇಳಿದ ತಂದೆ, ಚುಕ್ಕಾಣಿ ಹಿಡಿದವನ ಕೈಯೂ ಹಾಗೆಯೇ ಎಂದು ತಲೆದೂಗಿದರು.

ಆ ವರ್ಷದ ನೂಲಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿತವಾದ ಮೇಲೆ, ಒಂದು ಸಂಜೆ, ವೃದ್ಧರು ನೆರೆಯವರ ದೋಣಿಯನ್ನು ಕೇಳಿ ತಂದು ಮಗನನ್ನು ಕರೆದರು. ಚುಕ್ಕಾಣಿಯನ್ನು ಅವನ ಕೈಗೆ ಕೊಟ್ಟು ತಾವು ಮುಂಭಾಗದಲ್ಲಿ ಕುಳಿತರು. ಮೊದಲ ಸಲ ದೋಣಿಯ ತಳ ಮರಳನ್ನು ಕೆರೆಯಿತು. ಅವರು ನಕ್ಕರು, ಗದರಲಿಲ್ಲ. ಎರಡನೆಯ ಸಲ ಗಾಳಿಮರವು ಗುಡ್ಡದ ತುದಿಯ ನೇರಕ್ಕೆ ಬಂದು ನಿಂತಿತು. ದೋಣಿ ಆಳದ ನೀರಿನಲ್ಲಿಯೇ ಒಳಬಂದಿತು.